ಟ್ರ್ಯಾಕ್ಟರ್ ಸೆಲ್ಫ್ ತಿರುಗದಾಗ: ಬ್ರಷ್ ಹಾಕಿಸುವುದೇ, ಹಳೆಯದನ್ನು ಹುಡುಕುವುದೇ, ಹೊಸದನ್ನೇ ಕೊಳ್ಳುವುದೇ?

ಕೀಲಿ ತಿರುಗಿಸುತ್ತೀರಿ, ‘ಟಕ್’ ಅನ್ನುತ್ತದೆ, ಅಷ್ಟೇ. ಇಂಜಿನ್ ಅಲುಗುವುದಿಲ್ಲ. ಮಣ್ಣಿನ ಹದ ಇನ್ನೆರಡು ದಿನ ಇದ್ದೀತು, ಉಳುಮೆ ಅರ್ಧ ಬಾಕಿ ಇದೆ, ಹೊಸ ಸ್ಟಾರ್ಟರ್‌ಗೆ ಬೇಕಾದಷ್ಟು ದುಡ್ಡು ಕೈಯಲ್ಲಿಲ್ಲ. ಇಂಥ ಹೊತ್ತಿನಲ್ಲಿ ಅವಸರಕ್ಕೆ ಬಿದ್ದು ಏನೋ ಒಂದಕ್ಕೆ ದುಡ್ಡು ಕೊಟ್ಟುಬಿಡುತ್ತೇವೆ. ತಿಂಗಳೊಳಗೆ ಮತ್ತೆ ಅದೇ ‘ಟಕ್’.

ಸೆಲ್ಫ್ ಮೋಟಾರ್, ಅಂದರೆ ಸ್ಟಾರ್ಟರ್, ಕೈಕೊಟ್ಟಾಗ ದಾರಿಗಳೇನೂ ಕಡಿಮೆಯಿಲ್ಲ. ಮೋಟಾರಿಗೆ ಕರೆಂಟು ಬಿಡುವ ದಪ್ಪ ಸ್ವಿಚ್ಚು, ಅಂದರೆ ಸೊಲೆನಾಯ್ಡ್ ಒಂದನ್ನೇ ಬದಲಿಸಬಹುದು. ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಬ್ರಷ್, ಶಾಫ್ಟಿನ ತುದಿ ಕೂರುವ ಬುಷ್ ತಂದು ನಾವೇ ಕೂಡಿಸಬಹುದು. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಪೂರ್ತಿ ಓವರ್‌ಹಾಲ್ ಮಾಡಿಸಬಹುದು. ಗುಜರಿಯಿಂದ ಹಳೆಯದೊಂದನ್ನು ತರಬಹುದು. ಹೊಸದರಲ್ಲೇ ಮತ್ತೆ ಮೂರು ಬಗೆ: ಅಗ್ಗದ ನಕಲು, ಕಂಪನಿಯದು, ಗೇರ್ ರಿಡಕ್ಷನ್ ಮಾದರಿಯದು. ಇವುಗಳಲ್ಲಿ ಯಾವುದು ನಿಮಗೆ ಅಗ್ಗ ಅನ್ನುವುದು ಬೆಲೆ ಕೇಳಿದರೆ ತಿಳಿಯುವುದಿಲ್ಲ, ಬಿಚ್ಚಿ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ತಾಮ್ರ ಸುತ್ತಿದ ಭಾಗ, ನೋಡಿದರೆ ತಿಳಿಯುತ್ತದೆ. ಆರ್ಮೇಚರ್ ಚೆನ್ನಾಗಿದ್ದರೆ ಸ್ಟಾರ್ಟರ್‌ನಲ್ಲಿ ಉಳಿದದ್ದೆಲ್ಲ ಸಣ್ಣ ಸಾಮಾನು. ಅದು ಹೋಗಿದ್ದರೆ ಬರೀ ಬ್ರಷ್, ಬುಷ್ ಅಂತ ಹಳೆಯದಕ್ಕೆ ಸುರಿಯುವ ದುಡ್ಡಿಗೆ ಅರ್ಥವಿಲ್ಲ. ಆದರೆ ಬಿಚ್ಚುವುದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಹೆಚ್ಚು ದುಡ್ಡು ಉಳಿಯುವುದು ಅಲ್ಲೇ.

ಬಿಚ್ಚುವ ಮೊದಲು

ಡೀಸೆಲ್ ಟ್ರ್ಯಾಕ್ಟರ್‌ನ ಸ್ಟಾರ್ಟರ್ ಇಂಜಿನ್ ತಿರುಗಿಸುವಾಗ ಸುಲಭವಾಗಿ 250 ಆಂಪಿಯರ್ ಎಳೆಯುತ್ತದೆ. ಇಷ್ಟು ಕರೆಂಟು ಹರಿಯುವಾಗ ಎಲ್ಲೋ ಒಂದು ಜಾಯಿಂಟಿನಲ್ಲಿ ಬರೀ 0.01 ಓಂ ತಡೆ ಇದ್ದರೂ ಅಲ್ಲಿ 2.5 ವೋಲ್ಟ್ ಕಳೆದುಹೋಗುತ್ತದೆ. 12 ವೋಲ್ಟ್ ಬ್ಯಾಟರಿ ಆ ಹೊತ್ತಿನಲ್ಲಿ ಹತ್ತೂವರೆಗೆ ಇಳಿದಿರುತ್ತದೆ, ಅದರಲ್ಲಿ ಎರಡೂವರೆ ಹೋದರೆ ಮೋಟಾರಿಗೆ ಸಿಗುವುದು 8. ಆ ಜಾಯಿಂಟಿನಲ್ಲಿ 600 ವ್ಯಾಟ್‌ಗಿಂತ ಹೆಚ್ಚು ಶಾಖವಾಗಿ ಪೋಲಾಗುತ್ತಿರುತ್ತದೆ. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಕೈಯಿಂದ ಮುಟ್ಟಿ ನೋಡಿದಾಗ ಒಂದು ಟರ್ಮಿನಲ್ ಮಾತ್ರ ಸುಡುತ್ತಿದ್ದರೆ ಕಾರಣ ಇದೇ. 0.01 ಓಂ ಅಂದರೆ ಸಾಮಾನ್ಯ ಮೀಟರ್ ಅಳೆಯಲಾರದಷ್ಟು ಸಣ್ಣದು. ಹಾಗಾಗಿ ಕೇಬಲ್ಲಿನ ಎರಡು ತುದಿಗೆ ಮೀಟರ್ ಹಿಡಿದು ‘ಕಂಟಿನ್ಯೂಟಿ ಇದೆ, ಕೇಬಲ್ ಸರಿಯಾಗಿದೆ’ ಅಂದುಕೊಳ್ಳುವುದು ದೊಡ್ಡ ಮೋಸ. ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಮೀಟರ್ ಕೂಗುತ್ತದೆ.

ಈ ತಪ್ಪಿನಿಂದ ನಾನೇ ಕಳೆದುಕೊಂಡಿದ್ದೇನೆ. ಇಂಜಿನ್ ಕೆಲಸ ಮಾಡಿಸಿ, ಗಾಡಿಗೆ ಬಣ್ಣ ಹೊಡೆಸಿ ತಂದ ಮೇಲೆ ಸೆಲ್ಫ್ ನಿಧಾನವಾಯಿತು. ಬ್ರಷ್ ಹಾಕಿಸಿದೆ. ಅದೇ ಹಾಡು. ಬ್ಯಾಟರಿ ಬದಲಿಸಿದೆ. ಸ್ವಲ್ಪ ಚುರುಕಾಯಿತು, ವಾರದಲ್ಲಿ ಮತ್ತೆ ಅದೇ. ಕೊನೆಗೆ ಸಿಕ್ಕಿದ್ದು ಬ್ಯಾಟರಿಯಿಂದ ಗಾಡಿಯ ಕಬ್ಬಿಣಕ್ಕೆ ಹೋಗುವ ಅರ್ಥಿಂಗ್ ಪಟ್ಟಿ. ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿದ್ದರು. ಕೆರೆದು, ಹೊಳೆಯುವ ಕಬ್ಬಿಣಕ್ಕೆ ಪಟ್ಟಿ ಕೂರಿಸಿದ ಕೂಡಲೇ ಇಂಜಿನ್ ಹೊಸದರಂತೆ ತಿರುಗಿತು. ಹೋದ ದುಡ್ಡಿಗಿಂತ ಬಿತ್ತನೆಯ ನಾಲ್ಕು ದಿನ ಹೋಯಿತಲ್ಲ ಅನ್ನುವ ಸಂಕಟ ಇನ್ನೂ ಇದೆ.

ಪರೀಕ್ಷೆ ಹೀಗೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಸೀಟಿನ ಮೇಲೆ ಕೂತು, ಸ್ಟಾಪ್ ಎಳೆದು ಹಿಡಿದು, ಇಂಜಿನ್ ಚಾಲೂ ಆಗದಂತೆ ಸೆಲ್ಫ್ ಹೊಡೆಯಲಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಏನೂ ಓಡದೆ ಸುಮ್ಮನಿದ್ದಾಗ ತುಂಬಿದ ಬ್ಯಾಟರಿ 12.6 ತೋರಿಸಬೇಕು, 12.2 ಅಂದರೆ ಅರ್ಧ ಮಾತ್ರ ತುಂಬಿದೆ, ಚಾರ್ಜ್ ಮಾಡದೆ ಮುಂದಿನ ಯಾವ ಅಳತೆಯನ್ನೂ ನಂಬಬೇಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6ಕ್ಕಿಂತ ಕೆಳಗೆ ಹೋಗಬಾರದು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ, ಅಂದರೆ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ ಇಟ್ಟು, ಇನ್ನೊಂದನ್ನು ಮೋಟಾರಿಗೆ ಕರೆಂಟು ಹೋಗುವ ದಪ್ಪ ಟರ್ಮಿನಲ್ಲಿಗೆ ಇಡಿ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ. ಅದೇ ರೀತಿ ಮೈನಸ್ ಕಂಬದಿಂದ ಸ್ಟಾರ್ಟರಿನ ಹೊರಮೈಗೆ. ಇಲ್ಲಿ 0.3 ವೋಲ್ಟ್ ದಾಟಬಾರದು. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆಯೂ ಹೀಗೇ ನೋಡಿ, ಅಲ್ಲೂ 0.3ರ ಒಳಗಿರಬೇಕು, ಹೆಚ್ಚಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ.

ಟರ್ಮಿನಲ್ ಮೇಲೆ ಕಟ್ಟಿದ ಬಿಳಿ, ಹಸಿರು ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿದರೆ ಸಾಕು. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಕೇಬಲ್ ಬದಲಿಸಬೇಕಾದರೆ ಕಾರಿನ ತೆಳು ಕೇಬಲ್ ಹಾಕಬೇಡಿ. ಡೀಸೆಲ್ ಇಂಜಿನ್ನಿಗೆ 50ರಿಂದ 70 ಚದರ ಮಿಲಿಮೀಟರ್ ತಾಮ್ರ ಬೇಕು. ಬಿಗಿ ಬಜೆಟ್ಟಿನಲ್ಲೂ ನಾನು ಕಂಜೂಸುತನ ಮಾಡದ ಜಾಗ ಇದು, ಯಾಕೆಂದರೆ ಮುಂದೆ ಯಾವ ಸ್ಟಾರ್ಟರ್ ಹಾಕಿದರೂ ಈ ಕೇಬಲ್ ಅದರ ಜೊತೆಗೇ ಇರುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ನೆಲದ ಮೇಲೆ ನಿಂತುಕೊಂಡು ಸ್ಕ್ರೂ ಡ್ರೈವರ್‌ನಿಂದ ಸೊಲೆನಾಯ್ಡಿನ ಎರಡು ಬೋಲ್ಟ್ ಕೂಡಿಸಿ ಟ್ರ್ಯಾಕ್ಟರ್ ಚಾಲೂ ಮಾಡುವ ಅಭ್ಯಾಸ ಜೀವ ತೆಗೆಯುತ್ತದೆ. ನ್ಯೂಟ್ರಲ್ ಸ್ವಿಚ್ಚನ್ನೂ ಕೀಲಿಯನ್ನೂ ದಾಟಿ ಕರೆಂಟು ಹೋಗುವುದರಿಂದ, ಗೇರಿನಲ್ಲಿದ್ದರೆ ಇಂಜಿನ್ ಹಿಡಿದ ಕ್ಷಣವೇ ಗಾಡಿ ಮುಂದೆ ನುಗ್ಗುತ್ತದೆ. ನೀವು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಮುಂದೆ. ರಿಪೇರಿಗೆ ದುಡ್ಡಿಲ್ಲವೆಂದು ತಿಂಗಳುಗಟ್ಟಲೆ ಹೀಗೆ ಓಡಿಸುವವರಿದ್ದಾರೆ. ಇದನ್ನು ನಾನು ಅಗ್ಗದ ದಾರಿಗಳ ಲೆಕ್ಕಕ್ಕೇ ಸೇರಿಸುವುದಿಲ್ಲ.

ಸದ್ದು ಹೇಳುವುದೇನು

‘ಟಕ ಟಕ ಟಕ’ ಅಂತ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿದೆ ಅಥವಾ ಸೊಲೆನಾಯ್ಡಿನ ಹಿಡಿದಿಡುವ ಸುತ್ತು ಕಡಿದಿದೆ. ಸೊಲೆನಾಯ್ಡಿನಲ್ಲಿ ಎಳೆಯುವ ಸುತ್ತು ಒಂದು, ಎಳೆದದ್ದನ್ನು ಹಿಡಿದಿಡುವ ಸುತ್ತು ಇನ್ನೊಂದು. ಒಂದೇ ಗಟ್ಟಿ ‘ಟಕ್’ ಬಂದು ಮೋಟಾರ್ ಸುಮ್ಮನಿದ್ದರೆ ಕಾಂಟ್ಯಾಕ್ಟ್ ಸುಟ್ಟಿರಬಹುದು, ಬ್ರಷ್ ಸವೆದಿರಬಹುದು. ಸದ್ದೇ ಇಲ್ಲದಿದ್ದರೆ ಕೀಲಿ, ನ್ಯೂಟ್ರಲ್ ಸ್ವಿಚ್, ಸಣ್ಣ ವೈರು ಇವುಗಳನ್ನು ನೋಡಿ. ಮೋಟಾರ್ ‘ಗುಂಯ್’ ಅಂತ ತಿರುಗಿಯೂ ಇಂಜಿನ್ ತಿರುಗದಿದ್ದರೆ ಬೆಂಡಿಕ್ಸ್, ಅಂದರೆ ಮೋಟಾರನ್ನು ಇಂಜಿನ್ನಿನ ಹಲ್ಲಿಗೆ ಜೋಡಿಸುವ ಭಾಗ, ಜಾರುತ್ತಿದೆ. ನಿಧಾನವಾಗಿ, ಎಳೆದುಕೊಂಡು ತಿರುಗಿದರೆ, ಕೇಬಲ್ ಸರಿ ಇದೆ ಅಂತ ಖಾತ್ರಿಯಾದ ಮೇಲೆ, ಬುಷ್ ಸವೆದು ಆರ್ಮೇಚರ್ ಉಜ್ಜುತ್ತಿದೆ ಅಂತ ಅನುಮಾನಿಸಿ.

ತಂಪಿದ್ದಾಗ ಒಂದೇ ಸಲಕ್ಕೆ ಹಿಡಿಯುವ ಗಾಡಿ, ಬಿಸಿಯಾದಾಗ ಬರೀ ‘ಟಿಕ್’ ಅನ್ನುತ್ತದೆ ಅಂದರೆ ಹಲವು ಸಲ ತಪ್ಪು ಕೀಲಿಯಿಂದ ಸೊಲೆನಾಯ್ಡಿಗೆ ಬರುವ ಸಣ್ಣ ವೈರಿನದು. ಹಳೆಯ ವೈರು, ಹಳೆಯ ಸ್ವಿಚ್ಚು ದಾಟುವಾಗ ವೋಲ್ಟ್ ಸೋರಿ ಸೊಲೆನಾಯ್ಡಿಗೆ ಎಳೆಯುವ ಬಲ ಸಾಲುವುದಿಲ್ಲ. ನಡುವೆ ಒಂದು ರಿಲೇ ಹಾಕಿ, ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟರೆ ಸ್ಟಾರ್ಟರ್ ಮುಟ್ಟದೆಯೇ ಸರಿಹೋಗುತ್ತದೆ. ಕೀಲಿ ಮತ್ತು ನ್ಯೂಟ್ರಲ್ ಸ್ವಿಚ್ ರಿಲೇಯ ಕಾಯಿಲ್ ಕಡೆಯಲ್ಲಿ ಹಾಗೇ ಉಳಿಯಬೇಕು. ಇದಕ್ಕಿಂತ ಅಗ್ಗದ ರಿಪೇರಿ ನನಗೆ ಗೊತ್ತಿಲ್ಲ.

ಬಿಚ್ಚಿದ ಮೇಲೆ ಮೊದಲು ನೋಡುವುದು ಆರ್ಮೇಚರ್

ಅರ್ಥಿಂಗ್ ಕೇಬಲ್ಲನ್ನು ಮೊದಲು ತೆಗೆಯಿರಿ, ಕೊನೆಗೆ ಹಾಕಿ. ಸ್ಟಾರ್ಟರ್ ಭಾರವಿರುತ್ತದೆ, ಕೊನೆಯ ಬೋಲ್ಟ್ ಬಿಚ್ಚುವಾಗ ಕೆಳಗೆ ಯಾರಾದರೂ ಹಿಡಿದಿರಲಿ. ಮುಚ್ಚಳ ತೆಗೆಯುವ ಮೊದಲು ಬಾಡಿ ಮತ್ತು ಮುಚ್ಚಳ ಸೇರುವಲ್ಲಿ ಉಳಿಯಿಂದ ಸಣ್ಣ ಗೆರೆ ಹಾಕಿಕೊಳ್ಳಿ, ಕೂಡಿಸುವಾಗ ತಲೆನೋವು ತಪ್ಪುತ್ತದೆ.

ಆರ್ಮೇಚರ್ ಕೈಗೆ ಬಂದ ಮೇಲೆ ಮೂಗಿಗೆ ಹಿಡಿಯಿರಿ. ಸುಟ್ಟ ವಾರ್ನಿಷ್ ವಾಸನೆ ಒಮ್ಮೆ ಮೂಗಿಗೆ ಹೊಕ್ಕರೆ ಮರೆಯುವಂಥದ್ದಲ್ಲ. ಆಮೇಲೆ ಕಬ್ಬಿಣದ ಹೊರಮೈ ನೋಡಿ: ಒಂದು ಕಡೆ ಉಜ್ಜಿ ಹೊಳೆಯುತ್ತಿದ್ದರೆ, ಬಾಡಿಯ ಒಳಗೋಡೆಯ ಕಬ್ಬಿಣದ ತುಂಡುಗಳ, ಅಂದರೆ ಪೋಲ್ ಶೂಗಳ, ಮೇಲೂ ಅದೇ ಗುರುತಿದ್ದರೆ, ಬುಷ್ ಸವೆದು ಶಾಫ್ಟ್ ಜೋತಿದೆ. ಗುರುತು ಹಗುರಾಗಿದ್ದರೆ ಬುಷ್ ಬದಲಿಸಿದರೆ ಉಳಿಯುತ್ತದೆ. ಆಳಕ್ಕೆ ಕೊರೆದಿದ್ದರೆ ಇಲ್ಲ. ಬ್ರಷ್ ಉಜ್ಜುವ ತಾಮ್ರದ ಭಾಗ, ಅಂದರೆ ಕಾಮ್ಯುಟೇಟರ್, ಕಂದು ಬಣ್ಣಕ್ಕೆ ತಿರುಗಿ ನುಣುಪಾಗಿದ್ದರೆ ಅದು ಆರೋಗ್ಯದ ಲಕ್ಷಣ. ಕಪ್ಪಗೆ ಸುಟ್ಟ ಒಂದೆರಡು ಪಟ್ಟಿಗಳಿದ್ದರೆ ಅಲ್ಲಿಗೆ ಸೇರುವ ತಂತಿಯ ಬೆಸುಗೆ ಬಿಟ್ಟಿರಬಹುದು. ಒಂದೇ ಸಮನೆ ಸೆಲ್ಫ್ ಹೊಡೆದಾಗ ಒಳಗೆ ಕಾದು ಸೀಸ ಕರಗಿ ಹೊರಕ್ಕೆ ಸಿಡಿದು ಬಾಡಿಯ ಗೋಡೆಗೆ ಹನಿಹನಿಯಾಗಿ ಅಂಟಿರುತ್ತದೆ. ನುರಿತ ಕೈ ಇದ್ದರೆ ಇದನ್ನು ಮತ್ತೆ ಬೆಸೆಯಬಹುದು. ಪಟ್ಟಿ ಮೇಲೆದ್ದಿದ್ದರೆ, ಕೈಯಿಂದ ಒತ್ತಿದರೆ ಅಲ್ಲಾಡಿದರೆ, ಆ ಆರ್ಮೇಚರಿನ ಆಸೆ ಬಿಡಿ.

ಮೀಟರನ್ನು ಓಂಗೆ ಇಟ್ಟು ಒಂದು ಕಡ್ಡಿ ಕಾಮ್ಯುಟೇಟರಿಗೆ, ಇನ್ನೊಂದು ಶಾಫ್ಟಿಗೆ ಇಡಿ. ಕರೆಂಟು ದಾಟಲೇಬಾರದು. ಒಳಗಿನ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿವೆಯೇ ಅನ್ನುವುದು ಮಾತ್ರ ಮೀಟರಿಗೆ ಸಿಗುವುದಿಲ್ಲ. ಅದಕ್ಕೆ ಗ್ರೌಲರ್ ಬೇಕು, ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ಆರ್ಮೇಚರ್ ಪರೀಕ್ಷಿಸುವ ಸಾಧನ ಅದು. ಗ್ರೌಲರ್ ಮೇಲೆ ಆರ್ಮೇಚರ್ ಇಟ್ಟು ನಿಧಾನವಾಗಿ ತಿರುಗಿಸುತ್ತ ಮೇಲೆ ಹ್ಯಾಕ್ಸಾ ಬ್ಲೇಡ್ ಹಿಡಿದರೆ, ಶಾರ್ಟ್ ಇರುವ ಸುತ್ತಿನ ಮೇಲೆ ಬ್ಲೇಡ್ ಝರಝರ ನಡುಗುತ್ತದೆ. ಐದು ನಿಮಿಷದ ಕೆಲಸ. ಸಾಮಾನು ಕೊಳ್ಳುವ ಮೊದಲು ಈ ಐದು ನಿಮಿಷಕ್ಕಾಗಿ ಅಂಗಡಿಗೆ ಹೋಗಿ ಬನ್ನಿ.

ಆರ್ಮೇಚರ್ ಚೆನ್ನಾಗಿದ್ದರೆ

ಈಗ ನೀವು ಗೆದ್ದಂತೆಯೇ. ಸೊಲೆನಾಯ್ಡ್ ಮಾತ್ರ ಕೆಟ್ಟಿದ್ದರೆ ಅದನ್ನೊಂದೇ ಬದಲಿಸಿ. ಬೋಲ್ಟ್ ಬಿಚ್ಚಿ ತೆರೆಯಬಹುದಾದ ಹಳೆಯ ಮಾದರಿಯಾಗಿದ್ದರೆ ಬದಲಿಸುವುದೂ ಬೇಡ: ಒಳಗಿನ ತಾಮ್ರದ ಬಿಲ್ಲೆಯ ಒಂದು ಮುಖ ಸುಟ್ಟಿದ್ದರೆ ಮಗುಚಿ ಹಾಕಿ, ಬೋಲ್ಟಿನ ತಲೆಯನ್ನು ಅರ್ಧ ಸುತ್ತು ತಿರುಗಿಸಿ ಸವೆಯದ ಭಾಗ ಒಳಕ್ಕೆ ಬರುವಂತೆ ಕೂರಿಸಿ. ಖರ್ಚೇ ಇಲ್ಲದೆ ಇನ್ನಷ್ಟು ಕಾಲ ಬರುತ್ತದೆ. ಮುಚ್ಚಳ ಮಡಚಿ ಸೀಲು ಮಾಡಿದ ಮಾದರಿಗಳಲ್ಲಿ ಈ ಸಾಹಸ ಬೇಡ.

ಬ್ರಷ್ ಹೊಸದರ ಅರ್ಧದಷ್ಟು ಉದ್ದಕ್ಕೆ ಇಳಿದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಇದು ಮನೆಯಲ್ಲೇ ಆಗುವ ಕೆಲಸ, ಆದರೆ ಎಡವುವ ಜಾಗಗಳಿವೆ. ಪೋಲ್ ಶೂ ಸುತ್ತ ಇರುವ ಫೀಲ್ಡ್ ಕಾಯಿಲ್ ಅಲ್ಯೂಮಿನಿಯಂ ಆಗಿದ್ದರೆ ಬೆಸುಗೆ ಹಿಡಿಯುವುದಿಲ್ಲ; ಹಳೆಯ ಬ್ರಷ್ಷಿನ ತಂತಿಯನ್ನು ಬುಡಕ್ಕೆ ಕತ್ತರಿಸದೆ 6 ಮಿಲಿಮೀಟರ್‌ನಷ್ಟು ಬಾಲ ಬಿಟ್ಟು, ಆ ಬಾಲಕ್ಕೆ ಹೊಸ ತಂತಿ ಬೆಸೆಯಬೇಕು. ಬೆಸೆಯಲು ದೊಡ್ಡ ಸೋಲ್ಡರಿಂಗ್ ಐರನ್ ಬೇಕು, ರೇಡಿಯೋ ರಿಪೇರಿಯ ಸಣ್ಣದು ಸಾಲದು. ಸೀಸ ತಂತಿಯೊಳಗೆ ಬಹಳ ದೂರ ಹರಿದರೆ ತಂತಿ ಸೆಟೆದುಕೊಂಡು ಬ್ರಷ್ ಹೋಲ್ಡರಿನಲ್ಲಿ ಸಲೀಸಾಗಿ ಜಾರುವುದಿಲ್ಲ. ಸ್ಪ್ರಿಂಗ್ ಕಾದು ನೀಲಿಯಾಗಿದ್ದರೆ ಅದನ್ನೂ ಬದಲಿಸಿ.

ಕಾಮ್ಯುಟೇಟರನ್ನು ನಯವಾದ ಸ್ಯಾಂಡ್ ಪೇಪರಿನಿಂದ ಮಾತ್ರ ಉಜ್ಜಿ. ಎಮರಿ ಪೇಪರ್ ಬೇಡವೇ ಬೇಡ, ಅದರ ಪುಡಿ ಪಟ್ಟಿಗಳ ಸಂದಿಯಲ್ಲಿ ಕೂತು ಕರೆಂಟು ದಾಟಿಸುತ್ತದೆ. ಬ್ರಷ್ ಉಜ್ಜಿ ತಗ್ಗು ಬಿದ್ದಿದ್ದರೆ ಲೇತಿನಲ್ಲಿ ತೆಳುವಾಗಿ ಒಂದು ಕಟ್ ಕೊಡಿಸಿ. ಪಟ್ಟಿಗಳ ನಡುವಿನ ಮೈಕಾವನ್ನು ಕೆತ್ತಿ ತಗ್ಗಿಸಬೇಕೇ ಅನ್ನುವುದರಲ್ಲಿ ಎಚ್ಚರ ಬೇಕು. ಕೆಲವು ಮಾದರಿಗಳಿಗೆ ಅರ್ಧ ಮಿಲಿಮೀಟರ್‌ನಷ್ಟು ತಗ್ಗಿಸಬೇಕು. ಲೂಕಾಸ್‌ನ ಹಲವು ಸ್ಟಾರ್ಟರ್‌ಗಳ ಕೈಪಿಡಿಯಲ್ಲಿ ಕೆತ್ತಲೇಬಾರದು ಎಂದು ಬರೆದಿರುತ್ತದೆ. ಮೊದಲು ಹೇಗಿತ್ತೋ ಹಾಗೆ ಇಡುವುದು ಕ್ಷೇಮ.

ಈಗ ಬುಷ್. ಬ್ರಷ್ ಹಾಕಿಸುವವರು ಹತ್ತು ಮಂದಿಯಿದ್ದರೆ ಬುಷ್ ಕೇಳುವವರು ಒಬ್ಬರಿರಬಹುದು, ಮತ್ತು ಅಗ್ಗದ ರಿಪೇರಿ ಬೇಗ ಕೆಡುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದು. ಆರ್ಮೇಚರಿಗೂ ಪೋಲ್ ಶೂಗೂ ನಡುವೆ ಇರುವ ಸಂದಿ ಬಹಳ ಕಿರಿದು. ಬುಷ್ ಸ್ವಲ್ಪ ಸವೆದರೂ ಫೀಲ್ಡಿನ ಆಯಸ್ಕಾಂತ ಶಾಫ್ಟನ್ನು ಒಂದು ಪಕ್ಕಕ್ಕೆ ಎಳೆದು ಉಜ್ಜಿಸುತ್ತದೆ. ಉಜ್ಜಿದರೆ ಕರೆಂಟು ಹೆಚ್ಚು ಎಳೆಯುತ್ತದೆ, ಕಾಯುತ್ತದೆ, ಹೊಸ ಬ್ರಷ್ಷನ್ನೂ ಒಳ್ಳೆಯ ಆರ್ಮೇಚರನ್ನೂ ಒಟ್ಟಿಗೆ ತಿನ್ನುತ್ತದೆ. ಅತಿ ಅಗ್ಗದ ಸಾಮಾನು ಅತಿ ದುಬಾರಿ ಸಾಮಾನನ್ನು ಕೊಲ್ಲುವುದು ಹೀಗೆ. ಶಾಫ್ಟಿನ ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಟ ಕೈಗೆ ಗೊತ್ತಾದರೆ ಬುಷ್ ಬದಲಿಸಿ. ಪುಡಿ ಕಂಚನ್ನು ಒತ್ತಿ ಮಾಡಿದ ಬುಷ್ಷಿಗೆ ಸಣ್ಣ ರಂಧ್ರಗಳಿರುತ್ತವೆ, ಎಣ್ಣೆ ಕುಡಿದು ಇಟ್ಟುಕೊಳ್ಳುತ್ತದೆ. ಕೂರಿಸುವ ಮೊದಲು ತೆಳು ಇಂಜಿನ್ ಆಯಿಲಿನಲ್ಲಿ 24 ಗಂಟೆ ಮುಳುಗಿಸಿಡಿ. ಅವಸರವಿದ್ದರೆ 100 ಡಿಗ್ರಿ ಬಿಸಿ ಆಯಿಲಿನಲ್ಲಿ 2 ಗಂಟೆ ಇಟ್ಟು, ಆಯಿಲ್ ಆರಿದ ಮೇಲೆ ತೆಗೆಯಿರಿ. ಒಣ ಬುಷ್ ಬಡಿದು ಕೂರಿಸಿ ಕಳಿಸುವ ಅಂಗಡಿಯಿಂದ ತಂದ ಸ್ಟಾರ್ಟರ್ ಹೆಚ್ಚು ದಿನ ಬಾರದು.

ಬೆಂಡಿಕ್ಸಿನ ಹಲ್ಲು ಮುರಿದಿದ್ದರೆ, ಎರಡೂ ಕಡೆ ಸಲೀಸಾಗಿ ತಿರುಗುತ್ತಿದ್ದರೆ, ಬದಲಿಸುವುದೊಂದೇ ದಾರಿ. ಕ್ಲಚ್ ಇರುವ ಮಾದರಿಯನ್ನು ಡೀಸೆಲ್‌ನಲ್ಲಿ ಅದ್ದಿ ತೊಳೆಯಬೇಡಿ, ಒಳಗಿನ ಗ್ರೀಸು ಕರಗಿ ಹೋಗುತ್ತದೆ. ಹಳೆಯ ಸ್ಪ್ರಿಂಗ್ ಬೆಂಡಿಕ್ಸ್‌ಗೆ ತದ್ವಿರುದ್ಧ: ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹಾಕಿದರೆ ಎಷ್ಟೋ ಸಲ ಹೊಸದೇ ಬೇಡ. ಅದರ ತಿರುಪಿನ ಸುರುಳಿಗೆ ಗ್ರೀಸ್ ಬಳಿದರೆ ಕ್ಲಚ್ಚಿನ ಧೂಳು ಅಂಟಿ ಮತ್ತೆ ಸಿಕ್ಕಿಕೊಳ್ಳುತ್ತದೆ.

ನೀವೇ ಮಾಡುವುದೋ, ಅಂಗಡಿಗೆ ಕೊಡುವುದೋ? ಬರೀ ಬ್ರಷ್, ಸೊಲೆನಾಯ್ಡ್ ಆದರೆ ನೀವೇ ಮಾಡಿ. ಲೇತ್, ಬುಷ್, ಬೆಸುಗೆ ಮೂರೂ ಬೇಕಾದರೆ ಕೊಡುವುದೇ ಲೇಸು. ಒಪ್ಪಿಸುವಾಗ ‘ರಿಪೇರಿ ಮಾಡಿ’ ಅನ್ನಬೇಡಿ. ‘ಎರಡೂ ಕಡೆ ಬುಷ್, ನಾಲ್ಕು ಬ್ರಷ್, ಲೇತ್ ಕಟ್, ಗ್ರೌಲರ್ ಪರೀಕ್ಷೆ’ ಅಂತ ಹೆಸರಿಟ್ಟು ಹೇಳಿ, ಹಳೆಯ ಸಾಮಾನು ವಾಪಸ್ ಬೇಕು ಅಂತಲೂ ಹೇಳಿ. ಹೊರಮೈಗೆ ಹೊಡೆದ ಹೊಸ ಬಣ್ಣ ನೋಡಿ ದುಡ್ಡು ಕೊಡಬೇಡಿ, ಬ್ಯಾಟರಿಗೆ ಹಚ್ಚಿ ತಿರುಗಿಸಿ ತೋರಿಸಲಿ. ಮನೆಯಲ್ಲಿ ಈ ಪರೀಕ್ಷೆ ಮಾಡುವವರು ಸ್ಟಾರ್ಟರನ್ನು ವೈಸಿನಲ್ಲಿ ಬಿಗಿದೇ ಮಾಡಬೇಕು. ಬಿಟ್ಟರೆ ಹಾರಿ ಕಾಲ ಮೇಲೆ ಬೀಳುತ್ತದೆ.

ಆರ್ಮೇಚರ್ ಹೋಗಿದ್ದರೆ

ಇಲ್ಲಿ ಐದು ದಾರಿ, ಐದಕ್ಕೂ ಒಂದೊಂದು ತೊಡಕು.

ರೀವೈಂಡಿಂಗ್ ಅನ್ನುವುದು ನೀರೆತ್ತುವ ಮೋಟಾರಿಗೆ ಸಹಜ, ಸ್ಟಾರ್ಟರಿಗೆ ಅಷ್ಟು ಸಹಜವಲ್ಲ. ಇಲ್ಲಿರುವುದು ಕೂದಲೆಳೆ ತಂತಿಯಲ್ಲ, ದಪ್ಪ ತಾಮ್ರದ ಪಟ್ಟಿಗಳು. ಬೆಸುಗೆ ಬಿಟ್ಟಿದ್ದರೆ ಮತ್ತೆ ಬೆಸೆಸಿ, ಫೀಲ್ಡ್ ಕಾಯಿಲಿನ ಬಟ್ಟೆ ಸುಟ್ಟಿದ್ದರೆ ಹೊಸ ಹತ್ತಿ ಪಟ್ಟಿ ಸುತ್ತಿಸಿ ವಾರ್ನಿಷ್ ಹಾಕಿಸಿ. ಇವೆರಡಕ್ಕೂ ದುಡ್ಡು ಹಾಕಬಹುದು. ಪೂರ್ತಿ ಆರ್ಮೇಚರ್ ಕಟ್ಟಿಸುವುದು ಬೇರೆಲ್ಲೂ ಸಾಮಾನು ಸಿಗದ ಬಹಳ ಹಳೆಯ ಟ್ರ್ಯಾಕ್ಟರಿಗೆ ಮಾತ್ರ.

ಗುಜರಿಯ ಹಳೆಯ ಸ್ಟಾರ್ಟರ್ ನನ್ನ ಮೆಚ್ಚಿನ ದಾರಿ, ಆದರೆ ಅದನ್ನು ತಂದು ನೇರವಾಗಿ ಟ್ರ್ಯಾಕ್ಟರಿಗೆ ಕೂರಿಸುವವರ ಜೊತೆ ನಾನಿಲ್ಲ. ಅದನ್ನು ಆರ್ಮೇಚರಿಗಾಗಿ ಕೊಳ್ಳಿ. ನಿಮ್ಮದರ ಬಾಡಿ, ಸೊಲೆನಾಯ್ಡ್, ಬೆಂಡಿಕ್ಸ್ ಚೆನ್ನಾಗಿವೆ, ಅದರ ಆರ್ಮೇಚರ್ ಚೆನ್ನಾಗಿದೆ. ಎರಡನ್ನೂ ಸೇರಿಸಿ ಹೊಸ ಬುಷ್, ಬ್ರಷ್ ಹಾಕಿದರೆ ನಂಬಿಕೆಯ ಒಂದು ಸ್ಟಾರ್ಟರ್ ಸಿಗುತ್ತದೆ, ಮೇಲೆ ಬಿಡಿ ಸಾಮಾನು ಉಳಿಯುತ್ತದೆ. ಹೋಗುವಾಗ ನಿಮ್ಮದನ್ನು ಹೊತ್ತುಕೊಂಡೇ ಹೋಗಿ. ಬೆಂಡಿಕ್ಸಿನ ಸಣ್ಣ ಗೇರು, ಅಂದರೆ ಪಿನಿಯನ್ನಿನ ಹಲ್ಲು ಎಣಿಸಿ, ಬೋಲ್ಟಿನ ತೂತುಗಳ ಅಂತರ ಹೊಂದಿಸಿ, ಮೂತಿಯ ಉದ್ದ ಅಳೆಯಿರಿ, ತಿರುಗುವ ದಿಕ್ಕು ನೋಡಿ. ಒಂದು ಹಲ್ಲು ವ್ಯತ್ಯಾಸವಿದ್ದರೂ ಬೇಡ. ಅಂಗಡಿಯವರು ಬ್ಯಾಟರಿ ಹಚ್ಚಿ ‘ಗುಂಯ್’ ಎನಿಸಿದರೆ ಮರುಳಾಗಬೇಡಿ. ಭಾರವಿಲ್ಲದೆ ತಿರುಗುವುದಕ್ಕೂ ಇಂಜಿನ್ನನ್ನು ತಿರುಗಿಸುವುದಕ್ಕೂ ಬಹಳ ದೂರ. ಬಿಚ್ಚಿ ತೋರಿಸದಿದ್ದರೆ ಕೊಳ್ಳಬೇಡಿ.

ಅಗ್ಗದ ಹೊಸದರ ಸೆಳೆತ ದೊಡ್ಡದು, ಅದನ್ನು ಪೂರ್ತಿ ತಳ್ಳಿಹಾಕಲಾರೆ. ವರ್ಷಕ್ಕೆ ಕೆಲವೇ ದಿನ ಓಡುವ ಗಾಡಿಗೆ ಅದು ಸಾಕಾಗಬಹುದು. ಉಳಿತಾಯ ಮಾಡಿರುವುದು ಒಳಗೆ: ತೆಳು ಬುಷ್, ಮೆದು ಪಿನಿಯನ್, ಸಣ್ಣ ಕಾಂಟ್ಯಾಕ್ಟ್. ಹಳೆಯದನ್ನು ಒಂದು ಕೈಯಲ್ಲಿ, ಹೊಸದನ್ನು ಇನ್ನೊಂದರಲ್ಲಿ ಎತ್ತಿ ನೋಡಿ. ಒಂದೇ ಮಾದರಿಯಾಗಿದ್ದೂ ಹೊಸದು ಎದ್ದು ಕಾಣುವಷ್ಟು ಹಗುರವಾಗಿದ್ದರೆ ಎಲ್ಲೋ ತಾಮ್ರ, ಕಬ್ಬಿಣ ಕಡಿಮೆಯಾಗಿದೆ. ಬಿಚ್ಚಿದರೆ ವಾರಂಟಿ ಹೋಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಕಡಿತ ಅಂದರೂ ಹೊಸದು ನಿಮ್ಮ ಗಾಡಿಯಲ್ಲಿ ತಿರುಗುವವರೆಗೆ ಹಳೆಯದನ್ನು ಬಿಟ್ಟುಕೊಡಬೇಡಿ. ಅಳತೆ ತಪ್ಪಿದರೆ ಹೋಲಿಸಲು ಇರುವುದು ಅದೊಂದೇ. ಕಂಪನಿಯ ಹೊಸದು ಒಳ್ಳೆಯದೇ, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ದಿನವೂ ಬಾಡಿಗೆಗೆ ದುಡಿಯುವ ಟ್ರ್ಯಾಕ್ಟರಿಗೆ ಸಾಲ ಮಾಡಿಯಾದರೂ ಅದೇ ಸರಿ ಅಂತ ನನ್ನ ಅಭಿಪ್ರಾಯ. ಒಂದು ದಿನ ನಿಂತರೆ ಹೋಗುವ ಬಾಡಿಗೆಯನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ಗೇರ್ ರಿಡಕ್ಷನ್ ಸ್ಟಾರ್ಟರಿನಲ್ಲಿ ಸಣ್ಣ ಮೋಟಾರ್ ವೇಗವಾಗಿ ತಿರುಗಿ, ಒಳಗಿನ ಗೇರುಗಳು ಆ ವೇಗವನ್ನು ಮೂರು ನಾಲ್ಕು ಪಟ್ಟು ಇಳಿಸಿ ಬಲ ಹೆಚ್ಚಿಸುತ್ತವೆ. ಹಗುರ, ಎಳೆಯುವ ಕರೆಂಟೂ ಕಡಿಮೆ. ಬ್ಯಾಟರಿಗೆ ವಯಸ್ಸಾಗಿದ್ದರೆ ಇದು ಇನ್ನಷ್ಟು ಕಾಲ ಅದನ್ನು ನಡೆಸುತ್ತದೆ, ಚಳಿಯ ಬೆಳಗಿನಲ್ಲಿ ವ್ಯತ್ಯಾಸ ಕಿವಿಗೇ ಕೇಳಿಸುತ್ತದೆ. ಆದರೆ ಕೆಟ್ಟರೆ ಹಳೆಯದರಂತೆ ಮನೆಯಲ್ಲಿ ಕೂತು ಸರಿಮಾಡುವುದು ಕಷ್ಟ. ಹಳೆಯ ಕಾಲದ ಗಾಡಿ ಇರುವವರಿಗೆ ಇನ್ನೊಂದು ಎಚ್ಚರಿಕೆ. 1947ರಿಂದ 1952ರವರೆಗೆ ಬಂದ ಫೋರ್ಡ್ 8ಎನ್‌ನಂಥ ಟ್ರ್ಯಾಕ್ಟರುಗಳು 6 ವೋಲ್ಟಿನವು, ಅರ್ಥಿಂಗ್ ಪ್ಲಸ್ ಕಡೆಗೆ. ಸುತ್ತಿದ ಫೀಲ್ಡ್ ಇರುವ ಹಳೆಯ ಸ್ಟಾರ್ಟರಿಗೆ ಪ್ಲಸ್ ಮೈನಸ್ ಅದಲುಬದಲಾದರೂ ತಿರುಗುವ ದಿಕ್ಕು ಬದಲಾಗುವುದಿಲ್ಲ. ಶಾಶ್ವತ ಆಯಸ್ಕಾಂತ ಇರುವ ಹೊಸ ಮಾದರಿಗಳಲ್ಲಿ ದಿಕ್ಕೇ ಉಲ್ಟಾ ಆಗುತ್ತದೆ. ಅಂಥ ಗಾಡಿಗೆ ಕೊಳ್ಳುವ ಮೊದಲು ಇದನ್ನು ಕೇಳಿಯೇ ಕೊಳ್ಳಿ.

ರಿಂಗ್ ಗೇರ್ ನೋಡದೆ ಏನನ್ನೂ ಕೂರಿಸಬೇಡಿ

ಸ್ಟಾರ್ಟರ್ ಹೊರಗಿರುವಾಗಲೇ ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು, ಫ್ಲೈವೀಲನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸುತ್ತ ಅದರ ಅಂಚಿನ ಹಲ್ಲಿನ ಬಳೆ, ಅಂದರೆ ರಿಂಗ್ ಗೇರಿನ ಹಲ್ಲುಗಳನ್ನು ನೋಡಿ. ಇಂಜಿನ್ ನಿಲ್ಲುವಾಗ ಕಂಪ್ರೆಷನ್ನಿಗೆ ತಡೆದು ಪ್ರತಿಸಲ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಲ್ಲುತ್ತದೆ: 4 ಸಿಲಿಂಡರಿನದು ಎದುರುಬದುರು ಎರಡು ಕಡೆ, 3 ಸಿಲಿಂಡರಿನದು ಮೂರು ಕಡೆ. ಹಾಗಾಗಿ ಹಲ್ಲು ಸವೆಯುವುದೂ ಅಲ್ಲೇ. ಒಮ್ಮೆ ಸರಿಯಾಗಿ ಹಿಡಿದು ಇನ್ನೊಮ್ಮೆ ‘ಕರ್ರ್’ ಅನ್ನುತ್ತಿದ್ದರೆ ಗುಟ್ಟು ಇಲ್ಲಿರುತ್ತದೆ. ಹೀಗೆ ತಿಂದುಹೋದ ಹಲ್ಲಿಗೆ ಹೊಸ ಪಿನಿಯನ್ ಕೊಟ್ಟರೆ ಅದೂ ಬೇಗ ಹಾಳಾಗುತ್ತದೆ. ರಿಂಗ್ ಬದಲಿಸಲು ಗಾಡಿಯನ್ನು ಎರಡು ಭಾಗ ಮಾಡಬೇಕು. ಬರೀ ಅದಕ್ಕಾಗಿ ಮಾಡಿಸುವುದು ಬಿಗಿ ಬಜೆಟ್ಟಿಗೆ ಆಗದ ಮಾತು. ಕ್ಲಚ್ ಕೆಲಸಕ್ಕೆ ಹೇಗೂ ಬಿಚ್ಚುವ ದಿನದವರೆಗೆ ಕಾಯಿರಿ, ಅಲ್ಲಿಯವರೆಗೆ ದುಬಾರಿ ಸ್ಟಾರ್ಟರ್ ಕೊಳ್ಳದೆ ಹಳೆಯದನ್ನೇ ತೇಪೆ ಹಾಕಿ ಓಡಿಸಿ. ಹೊಸದಕ್ಕೆ ಇಟ್ಟ ದುಡ್ಡನ್ನು ಆ ದಿನಕ್ಕೆ ಎತ್ತಿಡಿ.

ಕಿಂಡಿಯ ಒಳಗೆ ಆಯಿಲ್ ಜಿನುಗಿದ ಗುರುತಿದ್ದರೆ ಇಂಜಿನ್ನಿನ ಹಿಂದಿನ ಸೀಲು ಹೋಗಿದೆ. ಆಯಿಲ್ ಮತ್ತು ಕ್ಲಚ್ ಧೂಳು ಸೇರಿ ಬ್ರಷ್ಷಿನ ಸುತ್ತ ಕಟ್ಟುವ ಕಪ್ಪು ಅಂಟು ಯಾವ ಸ್ಟಾರ್ಟರನ್ನೂ ಬಾಳಿಸುವುದಿಲ್ಲ. ಅಂಥ ಗಾಡಿಗೂ ನಾನು ಕಂಪನಿಯ ಹೊಸದನ್ನು ಹೇಳುವುದಿಲ್ಲ. ಬಿಚ್ಚಿ ಒರೆಸಿ ಹಾಕಬಹುದಾದ ಹಳೆಯದೇ ಇರಲಿ.

ಕೂರಿಸುವಾಗ

ಯಾವುದನ್ನೇ ಆರಿಸಿ, ಕೂರುವ ಮುಖವನ್ನು ಎರಡೂ ಕಡೆ ಉಜ್ಜಿ ಬಣ್ಣ, ತುಕ್ಕು ತೆಗೆಯಿರಿ. ಹೆಚ್ಚಿನ ಸ್ಟಾರ್ಟರುಗಳಿಗೆ ಅರ್ಥಿಂಗ್ ಸಿಗುವುದು ಆ ಮುಖದಿಂದಲೇ. ಬೋಲ್ಟುಗಳನ್ನು ಸಮನಾಗಿ ಬಿಗಿಯಿರಿ, ಒಂದು ಸಡಿಲವಾದರೆ ಮೂತಿ ಸೊಟ್ಟಗಾಗಿ ಹೊಸ ಬುಷ್ಷಿನ ಆಯಸ್ಸು ಹೋಗುತ್ತದೆ. ಮೊದಲ ಸಲ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ಮಧ್ಯೆ ಒಂದೆರಡು ನಿಮಿಷ ಆರಲು ಬಿಡಿ. ಇಂಜಿನ್ ಹಿಡಿಯುತ್ತಿಲ್ಲ ಅಂದರೆ ಡೀಸೆಲ್‌ನಲ್ಲಿ ಗಾಳಿ ಇದೆಯೇ ನೋಡಿ, ಸೆಲ್ಫ್‌ನ ಮೇಲೆ ಸೇಡು ತೀರಿಸಿಕೊಳ್ಳಬೇಡಿ. ಆಮೇಲೆ ಮೀಟರ್ ತೆಗೆದುಕೊಂಡು ಮೊದಲಿನ ಅಳತೆಗಳನ್ನೇ ಇನ್ನೊಮ್ಮೆ ಮಾಡಿ: ಬ್ಯಾಟರಿ, ಪ್ಲಸ್ ದಾರಿ, ಅರ್ಥಿಂಗ್ ದಾರಿ. ಬಂದ ಅಂಕಿಗಳನ್ನು ತಾರೀಖಿನ ಜೊತೆ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ. ಮುಂದಿನ ಸಲ ಸೆಲ್ಫ್ ನಿಧಾನವಾದಾಗ ಸ್ಪ್ಯಾನರಿಗೆ ಕೈ ಹಾಕುವ ಮೊದಲು ಹೋಲಿಸಿ ನೋಡುವುದು ಅವನ್ನೇ.